ಲಾರಿಯ ಕೀಲಿಗಿಂತ ಮೊದಲು ನೇಮಕದ ಕಾಗದ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಡಿಕೆ, ಮೆಕ್ಕೆಜೋಳ, ಶುಂಠಿ, ಅನಾನಸುಗಳು ಹೊರಗಣ ಪೇಟೆಗಳನ್ನು ಮುಟ್ಟುವುದು ಲಾರಿಗಳ ಮೂಲಕ. ರೈಲು ಸಾಗರದ ಮೇಲೆ ತಾಳಗುಪ್ಪದವರೆಗೆ ಹೋಗಿದೆ. ಶಿವಮೊಗ್ಗದಿಂದ ಶಿಕಾರಿಪುರದ ಮಾರ್ಗವಾಗಿ ರಾಣೆಬೆನ್ನೂರಿಗೆ ಹೊಸ ದಾರಿಯ ಕೆಲಸವನ್ನೂ ಕೈಗೊಳ್ಳಲಾಗಿದೆ. ಆದರೂ ಈ ಎರಡು ತಾಲ್ಲೂಕುಗಳ ವ್ಯಾಪಾರವು ಇಷ್ಟು ಕಾಲವೂ ರಸ್ತೆಯನ್ನೇ ನೆಚ್ಚಿ ಬೆಳೆದುದು. ಆದಕಾರಣ ತೋಟ ಗದ್ದೆಗಳ ಉತ್ಪತ್ತಿ ಸಾಲದ ಮನೆಗಳ ತರುಣರಿಗೆ ಲಾರಿ ನಡೆಸುವುದು ಸಹಜವಾದ ಜೀವನೋಪಾಯವಾಗಿದೆ. ಶಾಲೆ ಬಿಟ್ಟ ಹುಡುಗನು ಕ್ಲೀನರಾಗಿ ಲಾರಿ ಹತ್ತಿ, ಎರಡು ಮೂರು ವರ್ಷ ಹಗ್ಗ ಬಿಗಿದು, ಟಾರ್ಪಾಲು ಹೊದಿಸಿ, ಡ್ರೈವರನ ಕೃಪೆಯಿಂದ ರಾತ್ರಿಯ ಹೊತ್ತು ಚಕ್ರ ಹಿಡಿಯುವುದನ್ನು ಕಲಿತು, ಕೊನೆಗೆ ಯಾವುದಾದರೊಂದು ಕಂಪೆನಿಯ ಬಾಗಿಲಲ್ಲಿ ಹೋಗಿ ನಿಲ್ಲುವುದು ರೂಢಿ. ಅಲ್ಲಿ ಅವನು ಕೇಳುವ ಪ್ರಶ್ನೆ ಒಂದೇ: ಸಂಬಳವೆಷ್ಟು? ಈ ಒಂದು ಪ್ರಶ್ನೆಯು ಸಾಲದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸರಕು ಸಾಗಿಸುವ ಉದ್ಯೋಗವು ಈ ಸೀಮೆಗೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಪಟ್ಟಣ. ಆ ಕಾಲದ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರೂ, ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರೂ ಕಾಣಬರುತ್ತವೆ. ಸರಕಿನ ಮೇಲಣ ಸುಂಕ, ದತ್ತಿಗಳನ್ನು ಅಂದಿನವರು ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದರು. ಇಂದು ಲಕ್ಷಾಂತರ ರೂಪಾಯಿ ಬೆಲೆಯ ಸರಕನ್ನು ಹೊತ್ತು ಹೊರಡುವ ತರುಣನ ಕೈಯಲ್ಲಿ ಅವನ ಹಕ್ಕನ್ನು ಹೇಳುವ ಒಂದು ಹಾಳೆಯೂ ಇರದಿರುವುದುಂಟು.

ಮೊದಲನೆಯ ಮಾತು ಲೈಸೆನ್ಸಿನದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇಪ್ಪತ್ತು ವರ್ಷ ತುಂಬದವನು ಸಾರಿಗೆ ವಾಹನವನ್ನು ನಡೆಸಕೂಡದು. ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗದೆ ಸಾರಿಗೆ ವಾಹನದ ಕಲಿಕೆಯ ಲೈಸೆನ್ಸೂ ಸಿಕ್ಕದು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಣ್ಣ ಸರಕು ವಾಹನಗಳನ್ನು ಲಘು ವಾಹನದ ಲೈಸೆನ್ಸಿನಿಂದಲೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ದೊಡ್ಡ ಲಾರಿಗೆ ಈ ರಿಯಾಯಿತಿಯಿಲ್ಲ. ಕ್ಲೀನರಾಗಿದ್ದಾಗ ಕದ್ದು ಹಿಡಿದ ಚಕ್ರವು ಕಾನೂನಿನ ದೃಷ್ಟಿಯಲ್ಲಿ ವಿದ್ಯೆಯಲ್ಲ, ಅಪರಾಧ. ಇನ್ನೊಂದು ಎಚ್ಚರಿಕೆ: ಕೆಲಸಕ್ಕೆ ಸೇರುವಾಗ ಲೈಸೆನ್ಸಿನ ನಕಲನ್ನು ಕೊಡಬಹುದೇ ಹೊರತು ಮೂಲವನ್ನು ಒತ್ತೆಯಿಡಬಾರದು. ಮುಂಗಡದ ಹಣಕ್ಕಾಗಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯಿದೆಯು ನಿಷೇಧಿಸಿದೆ.

ಎರಡನೆಯದು ನೇಮಕದ ಕಾಗದ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಐವರು ಕಾರ್ಮಿಕರಿದ್ದ ಸಂಸ್ಥೆಗಳಿಗೂ ಅನ್ವಯಿಸುತ್ತಿದ್ದಿತು. ಅದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆಯು 2025ರ ನವೆಂಬರು 21ರಂದು ಜಾರಿಗೆ ಬಂದಿತು. ಹೊಸ ಸಂಹಿತೆಯಂತೆ ನೌಕರನಿಗೆ ನೇಮಕದ ಪತ್ರವನ್ನು ಕೊಡಲೇಬೇಕು, ಇದು ಲಾಭ. ಆದರೆ ಅದು ಹತ್ತು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು; ಇದು ನಷ್ಟ. ಒಂದೆರಡು ಲಾರಿಗಳ ಮಾಲೀಕನಲ್ಲಿ ದುಡಿಯುವವನು, ಬಲೆಯ ಕಣ್ಣು ದೊಡ್ಡದಾದಾಗ ಸಣ್ಣ ಮೀನು ಜಾರುವಂತೆ, ಈ ರಕ್ಷಣೆಯಿಂದ ಜಾರಿಹೋಗುತ್ತಾನೆ. ಅಂತಹವನು ತಾನೇ ಕೇಳಿ ಒಂದು ಕರಾರನ್ನು ಬರೆಸಿಕೊಳ್ಳುವುದು ಮೇಲು. ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಲಾರಿಯ ಕಡ್ಡಾಯ ವಿಮೆಯಲ್ಲಿ, ನೌಕರಿಯ ಸಂಬಂಧದ ಪರಿಹಾರದ ಮಿತಿಯೊಳಗೆ, ಚಾಲಕನಿಗೂ ರಕ್ಷಣೆಯುಂಟು. ಆದರೆ ಅಪಘಾತದಲ್ಲಿ ಅವನು ಮಡಿದ ಮೇಲೆ, ಅವನು ಆ ಲಾರಿಯ ನೌಕರನೇ ಆಗಿದ್ದನೆಂಬುದನ್ನು ವಿಧವೆಯು ಯಾವುದರಿಂದ ರುಜುವಾತುಪಡಿಸಬೇಕು? ಕಾಗದವಿದ್ದರೆ ಒಂದು ಮಾತು. ಇಲ್ಲದಿದ್ದರೆ ಕೋರ್ಟು ಕಚೇರಿಗಳ ಅಲೆದಾಟ.

ಮೂರನೆಯದು ಸಂಬಳದ ಅಳತೆ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರಷ್ಟೆ. ಆ ಕಲಹವು ಹುಟ್ಟಿದ್ದು ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ. ಲೆಕ್ಕ ಸರಿಯಿದ್ದೂ ಅಳತೆ ತಪ್ಪಿದರೆ ದುಡಿದವನಿಗೆ ಉಳಿಯುವುದೇನು? ಲಾರಿಯ ಕೆಲಸದಲ್ಲಿಯೂ ಕೊಳಗಗಳು ಹಲವು. ತಿಂಗಳ ಸಂಬಳವೋ, ಟ್ರಿಪ್ಪಿನ ಲೆಕ್ಕವೋ, ಕಿಲೋಮೀಟರಿನ ಲೆಕ್ಕವೋ? ದಿನದ ಭತ್ಯೆ ಎಷ್ಟು? ಲೋಡಿಗಾಗಿ ಮೂರು ದಿನ ಕಾದು ಮಲಗಿದರೆ ಆ ದಿನಗಳಿಗೆ ಭತ್ಯೆಯುಂಟೋ ಇಲ್ಲವೋ? ಕ್ಲೀನರನ ಕೂಲಿ, ಪಂಕ್ಚರಿನ ಖರ್ಚು, ಹಮಾಲಿ ಯಾರ ತಲೆಯ ಮೇಲೆ? ಸರಕು ಕಡಮೆ ಬಿದ್ದರೆ ಯಾರು ತೆರಬೇಕು? ಇವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದು. 2019ರ ವೇತನ ಸಂಹಿತೆಯು, ಮೇಲೆ ಹೇಳಿದ ದಿನದಂದೇ ಜಾರಿಗೆ ಬಂದು, ಸಣ್ಣ ಮಾಲೀಕರಿಗೂ ಅನ್ವಯಿಸುತ್ತದೆ. ಅದರಂತೆ ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕು; ಕಡಿತವು ಸಂಬಳದ ಅರ್ಧವನ್ನು ಮೀರಕೂಡದು; ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು.

ಡೀಸೆಲಿನ ಲೆಕ್ಕದ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕು. ಎಣ್ಣೆ ಉಳಿಸಿದರೆ ಬಹುಮಾನ, ಹೆಚ್ಚು ಸುಟ್ಟರೆ ಕಡಿತವೆಂಬ ಷರತ್ತು ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುವುದು. ಆದರೆ ಆ ಆಸೆಯಿಂದ ಹೊಸ ಡ್ರೈವರನು ಗೇರುಸೊಪ್ಪೆಯ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಗೇರು ತಪ್ಪಿಸಿ ಲಾರಿಯನ್ನು ತಾನಾಗಿ ಇಳಿಯಬಿಟ್ಟರೆ, ಭಾರವನ್ನು ತಡೆಯುವ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಮುಂದಿನ ತಿರುವಿನಲ್ಲಿ ಕಂದಕ ಕಾದಿರುತ್ತದೆ. ಏರುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಡ್ರೈವರುಗಳ ಬುದ್ಧಿವಾದ. ಮಲೆನಾಡಿನ ಮಳೆ ಮಂಜುಗಳಲ್ಲಿ ಅದು ಪ್ರಾಣ ಕಾಯುವ ಮಾತು.

ನಾಲ್ಕನೆಯದು ಹೊರೆ ಮತ್ತು ಕಾಗದಪತ್ರಗಳು. ಮಿತಿಮೀರಿ ಹೊರಿಸಿದ ಲಾರಿಗೆ ಕಾಯಿದೆಯು 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿಯೊಂದು ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸಿದೆ. ಈ ದಂಡವು ನಡೆಸುವಂತೆ ಮಾಡಿದವನಿಗೆ ಮಾತ್ರವಲ್ಲ, ನಡೆಸಿದವನಿಗೂ ತಗಲುತ್ತದೆ. ಆದುದರಿಂದ ತೂಕದ ಚೀಟಿಯನ್ನು ನೋಡದೆ ಹೊರಡಬಾರದು. ಅರ್ಹತಾಪತ್ರ, ಪರ್ಮಿಟ್ಟು, ವಿಮೆಗಳ ಅವಧಿಯನ್ನು ತಾನೇ ಓದಿ ನೋಡಬೇಕು. ಸರಕಿನ ಇ-ವೇ ಬಿಲ್ಲಿಗೆ ಸಾಮಾನ್ಯವಾಗಿ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿಯಿರುವುದರಿಂದ, ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಕೂಡಲೆ ಕಂಪೆನಿಗೆ ತಿಳಿಸತಕ್ಕದ್ದು.

ಐದನೆಯದು ನಿದ್ರೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದು 1961ರ ಕಾಯಿದೆ ಹೇಳಿತು. ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ. ಶುಂಠಿಯನ್ನು ದೂರದ ಪೇಟೆಗೆ ಇಂತಿಷ್ಟೇ ಗಂಟೆಗಳಲ್ಲಿ ಮುಟ್ಟಿಸಬೇಕೆಂದು ಪಟ್ಟುಹಿಡಿಯುವ ಕಂಪೆನಿಯನ್ನು, ಎರಡನೆಯ ಡ್ರೈವರನನ್ನು ಕೊಡುವಿರಾ ಎಂದು ಕೇಳಲೇಬೇಕು. ಕೊಡದವರಲ್ಲಿ ಸೇರದಿರುವುದೇ ಲೇಸು.

ದುರದೃಷ್ಟದಿಂದ ಅಪಘಾತವಾದರೆ ಓಡಿಹೋಗಬಾರದು. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯ. ಜನರ ರೋಷಕ್ಕೆ ಸಿಕ್ಕುವ ಭಯವಿದ್ದಲ್ಲಿ ಕಾಯಿದೆಯೇ ಇದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ಎಷ್ಟು ಬೇಗನೆ ಸಾಧ್ಯವೋ ಅಷ್ಟು ಬೇಗ, ಇಪ್ಪತ್ತನಾಲ್ಕು ಗಂಟೆ ಮೀರದಂತೆ, ಹತ್ತಿರದ ಠಾಣೆಗೆ ವರದಿ ಮಾಡಲೇಬೇಕು. ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ, ತಿಳಿಸದೆ ಓಡಿದವನಿಗೆ ಹತ್ತು ವರ್ಷದವರೆಗಿನ ಶಿಕ್ಷೆಯನ್ನು ಬರೆದಾಗ 2024ರ ಜನವರಿಯಲ್ಲಿ ದೇಶದ ಹಲವೆಡೆ ಡ್ರೈವರುಗಳು ಲಾರಿಗಳನ್ನು ನಿಲ್ಲಿಸಿದರು. ಅದೇ ಜುಲೈಯಲ್ಲಿ ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು.

ಸ್ವಂತ ಲಾರಿಯ ಕನಸಿನ ಬಗೆಗೂ ಒಂದು ಮಾತು. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ತೊಡಗಿ ದೇಶದ ದೊಡ್ಡ ಸಾರಿಗೆ ಕಂಪೆನಿಯೊಂದನ್ನು ಕಟ್ಟಿದುದನ್ನು ತರುಣರೆಲ್ಲ ಕೇಳಿ ಬಲ್ಲರು. ಆದರೆ ಅದಿರಿನ ಬಾಡಿಗೆಯನ್ನು ನಂಬಿ ಸಾಲದ ಲಾರಿ ಕೊಂಡವರ ಕಥೆಯನ್ನೂ ಕೇಳಬೇಕು. 2010ರಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ತಡೆದು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಲಾರಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. ಮೂರನೆಯ ದಾರಿಯೊಂದನ್ನು ಮಲೆನಾಡೇ ತೋರಿಸಿತ್ತು: ಕೊಪ್ಪದಲ್ಲಿ ಶಂಕರ್ ಕಂಪೆನಿಯ ಬಸ್ಸುಗಳ ಕಾರ್ಮಿಕರು 1991ರಲ್ಲಿ ಕೂಡಿ ಸಹಕಾರ ಸಾರಿಗೆಯನ್ನು ಕಟ್ಟಿ, 2020ರವರೆಗೆ ನಡೆಸಿದರು. ಕೊನೆಗೆ ನಷ್ಟದಿಂದ ಅದು ನಿಂತಿತಾದರೂ, ದುಡಿಯುವವರೇ ಒಡೆಯರಾಗಬಲ್ಲರೆಂಬುದನ್ನು ಸುಮಾರು ಮೂರು ದಶಕ ತೋರಿಸಿಕೊಟ್ಟಿತು.

ಭಾರವನ್ನೆಲ್ಲ ತರುಣರ ಮೇಲೆಯೇ ಹಾಕುವುದು ನ್ಯಾಯವಲ್ಲ. ಕನ್ನಡದಲ್ಲಿ ಅಚ್ಚಾದ ಒಂದು ಪುಟದ ಕರಾರಿನ ನಮೂನೆಯನ್ನು ಕಾರ್ಮಿಕ ಇಲಾಖೆಯವರು ಸಿದ್ಧಪಡಿಸಿ, ಶಿವಮೊಗ್ಗ, ಸಾಗರದ ಸಾರಿಗೆ ಕಚೇರಿಗಳಲ್ಲಿ ಲೈಸೆನ್ಸಿನೊಡನೆಯೇ ಹಂಚಿದರೆ ಖರ್ಚು ಅಲ್ಪ, ಉಪಕಾರ ಅಪಾರ. ಶಿಕಾರಿಪುರ, ಸೊರಬದ ಮಾರುಕಟ್ಟೆ ಸಮಿತಿಗಳು ಲೋಡಿಗೆ ಕಾಯುವ ಡ್ರೈವರುಗಳಿಗೆ ಮಲಗುವ ಕೊಠಡಿ, ಕುಡಿಯುವ ನೀರು, ಶೌಚಾಲಯಗಳನ್ನು ಒದಗಿಸಲಿ. 1942ರಲ್ಲಿ ಈಸೂರಿನ ಜನರು ಪರರ ಆಳ್ವಿಕೆಯನ್ನು ಧಿಕ್ಕರಿಸಿ ನಿಂತು, ಮರುವರ್ಷ ಐವರನ್ನು ಗಲ್ಲಿಗೆ ಒಪ್ಪಿಸಿಕೊಟ್ಟ ತಾಲ್ಲೂಕು ಇದು. ಅಂತಹ ನೆಲದ ಮಕ್ಕಳು ಮಾಲೀಕನ ಮುಂದೆ ತಮ್ಮ ದುಡಿಮೆಯ ಷರತ್ತುಗಳನ್ನು ಬರೆದುಕೊಡಿರೆಂದು ವಿನಯದಿಂದ, ಆದರೆ ಅಂಜದೆ, ಕೇಳಲು ಹಿಂಜರಿಯಬೇಕಾದುದಿಲ್ಲ.