ಓದಿದ್ದು ತಿಳಿಯಿತೆ?

ಕನ್ನಡ ಲಿಪಿಯಲ್ಲಿ ಒಂದು ದೊಡ್ಡ ಸೌಕರ್ಯವುಂಟು. ಅಕ್ಷರ ಬಲ್ಲವನು ಯಾವ ಪದವನ್ನಾದರೂ, ಅದರ ಅರ್ಥ ತಿಳಿಯದಿದ್ದರೂ, ಬಹುಮಟ್ಟಿಗೆ ಸರಿಯಾಗಿಯೇ ಉಚ್ಚರಿಸಬಲ್ಲ. ಅಧ್ಯಾಪಕರು ಮೋಸಹೋಗುವುದೂ ಇದರಿಂದಲೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಿನ ಹಳ್ಳಿಯ ಶಾಲೆಗಳಲ್ಲಿ ಏಳನೆಯ ತರಗತಿಯ ಹುಡುಗಿ ಒಂದು ಪುಟವನ್ನು ಎಡವದೆ ಓದಿ ಒಪ್ಪಿಸುತ್ತಾಳೆ. ಪುಸ್ತಕ ಮುಚ್ಚಿಸಿ, ಅದರಲ್ಲಿ ಏನಿತ್ತೆಂದು ಕೇಳಿದರೆ ಮೌನ. ಓದಿದ್ದು ನಾಲಗೆ ಮಾತ್ರ. ಮನೆಯ ಕನ್ನಡದಿಂದ ಪುಸ್ತಕದ ಕನ್ನಡಕ್ಕೆ ಅವಳನ್ನು ಕೈಹಿಡಿದು ದಾಟಿಸಿದವರಿಲ್ಲ. ಗಣಿತದ ಲೆಕ್ಕವನ್ನೂ ವಿಜ್ಞಾನದ ಪಾಠವನ್ನೂ ಓದಿಯೇ ತಿಳಿಯಬೇಕಾದುದರಿಂದ, ಈ ಒಂದು ಕೊರತೆ ಎಲ್ಲ ವಿಷಯಗಳಲ್ಲೂ ಅವಳನ್ನು ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ದಡ್ಡತನವೆಂದು ಹೆಸರಿಡುವುದು ಅನ್ಯಾಯ.

ಅಮೆರಿಕದ ಆನ್‌ಮೇರಿ ಪಲಿಂಕ್ಸರ್ ಮತ್ತು ಆ್ಯನ್ ಬ್ರೌನ್ ಎಂಬ ವಿದುಷಿಯರು 1984ರಲ್ಲಿ ಪ್ರಕಟಿಸಿದ ಸಂಶೋಧನೆ ಇಂಥ ಮಕ್ಕಳನ್ನು ಕುರಿತದ್ದೇ: ಸರಾಗವಾಗಿ ಓದಬಲ್ಲ, ಆದರೆ ಗ್ರಹಿಸಲಾರದ ಏಳನೆಯ ತರಗತಿಯವರು. ಅವರಿಗೆ ಸುಮಾರು 20 ದಿನ ನಡೆಸಿದ ಪಾಠಕ್ರಮವನ್ನು ನಾವು ಪರಸ್ಪರ ಬೋಧನೆ ಎನ್ನಬಹುದು. ನಾಲ್ಕೈದು ಮಕ್ಕಳ ಗುಂಪಿನಲ್ಲಿ ಪ್ರತಿಯೊಬ್ಬರೂ ಸರದಿಯಂತೆ ಉಪಾಧ್ಯಾಯರಾಗಬೇಕು. ಮುಂದೇನು ಬರಬಹುದೆಂದು ಊಹಿಸುವುದು, ಓದಿದ ಭಾಗದ ಮೇಲೆ ಪ್ರಶ್ನೆ ಹಾಕುವುದು, ತೊಡಕನ್ನು ಬಿಡಿಸುವುದು, ಸಾರವನ್ನು ಹೇಳುವುದು, ಇವು ಆ ಸರದಿಯ ಕೆಲಸಗಳು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ಕುರಿತ ಪಾಠವೊಂದು ಮಕ್ಕಳ ಮುಂದಿದೆಯೆಂದುಕೊಳ್ಳೋಣ. ಶೀರ್ಷಿಕೆಯನ್ನು ಕಂಡೊಡನೆ ಜಲಪಾತದ ವರ್ಣನೆ ಇರಬೇಕೆಂದು ಅವರು ಊಹಿಸುತ್ತಾರೆ. ಪಾಠದಲ್ಲಿರುವುದಾದರೋ 1902ರಲ್ಲಿ ಅಲ್ಲಿ ಆರಂಭವಾದ ವಿದ್ಯುದುತ್ಪಾದನೆ. ಊಹೆ ತಪ್ಪಿತಲ್ಲ, ಒಳ್ಳೆಯದೇ ಆಯಿತು. ಇನ್ನು ಅವರು ಕಣ್ಣಿಟ್ಟು ಓದುತ್ತಾರೆ. ವಚನದ ಪಾಠದಲ್ಲಿ ಸ್ಥಾವರವೆಂದರೆ ನಿಂತಿರುವುದು ಎಂದು ಕಲಿತ ಹುಡುಗ ‘ವಿದ್ಯುತ್ ಸ್ಥಾವರ’ ಎಂಬಲ್ಲಿ ತಾನೂ ನಿಂತುಬಿಡುತ್ತಾನೆ! ‘ಕರೆಂಟು ತಯಾರಾಗೋ ಜಾಗ’ ಎಂದು ಪಕ್ಕದವಳು ಹೇಳಿದರೆ ತೊಡಕು ಬಿಟ್ಟಿತು. ಪ್ರಶ್ನೆಯ ಸರದಿ ಬಂದಾಗ ಯಾವ ವರ್ಷ ಎಂದು ಕೇಳುವುದು ಸುಲಭ. ಉತ್ತರ ಸಾಲಿನಲ್ಲೇ ಇದೆ. ‘ನಮ್ಮ ಹೊಳೆ ಕರೆಂಟು ಕೋಲಾರಕ್ಯಾಕ್ ಹೋಯ್ತು, ನಮಗ್ಯಾಕ್ ಬರ್ನಿಲ್ಲ?’ ಎಂದು ಒಬ್ಬ ಕೇಳಿದನೆನ್ನಿ. ಆಗ ಚಿನ್ನದ ಗಣಿಗಳ ಯಂತ್ರಗಳು, ಅಲ್ಲಿಯವರೆಗೆ ಎಳೆದ ಸುಮಾರು 147 ಕಿಲೋಮೀಟರ್ ತಂತಿ, ಬೆಂಗಳೂರಿನ ಬೀದಿಗೂ ದೀಪ ಬಂದದ್ದು 1905ರಲ್ಲಿ ಎಂಬ ಸಂಗತಿ, ಎಲ್ಲವನ್ನೂ ಒಟ್ಟಿಗೆ ಇಟ್ಟು ಯೋಚಿಸಬೇಕಾಗುತ್ತದೆ. ಆ ಮಾತು ಪುಸ್ತಕದ ಕನ್ನಡದಲ್ಲಿಲ್ಲವೆಂದು ಅಲ್ಲಿಯೇ ತಿದ್ದಹೊರಡುವ ಉಪಾಧ್ಯಾಯರು ಪ್ರಶ್ನೆಯನ್ನೇ ಕೊಂದಂತೆ.

ನಮ್ಮ ಸೀಮೆಗೆ ಇದು ತೀರ ಹೊಸದೇನೂ ಅಲ್ಲ. ಗಮಕಿ ಭಾರತವನ್ನು ವಾಚಿಸಿ ನಿಲ್ಲಿಸಿದಾಗ ವ್ಯಾಖ್ಯಾನಕಾರರು ಅರ್ಥ ಬಿಡಿಸುವುದು ಬಹುಕಾಲದ ಸಂಪ್ರದಾಯ. ಓದು ಬೇರೆ, ತಿಳಿವು ಬೇರೆ ಎಂಬುದನ್ನು ಆ ಏರ್ಪಾಡು ಚೆನ್ನಾಗಿ ಅರಿತಿತ್ತು. ಆದರೆ ಅಲ್ಲಿ ಪೀಠ ಬದಲಾಗುವುದಿಲ್ಲ. ಕೇಳುವವರು ಕೊನೆಯವರೆಗೂ ಕೇಳುವವರೇ. ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗನೂ ಆ ಪೀಠದಲ್ಲಿ ಕೂರಬೇಕು.

ಇದನ್ನು ಸರ್ವರೋಗ ನಿವಾರಕವೆಂದು ನಾನು ಹೇಳುವುದಿಲ್ಲ. 16 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 1994ರ ವಿಮರ್ಶೆಯೊಂದರ ಪ್ರಕಾರ, ಸಂಶೋಧಕರೇ ರಚಿಸಿದ ಪರೀಕ್ಷೆಗಳಲ್ಲಿ ಕಂಡಷ್ಟು ಪ್ರಯೋಜನ ಸಾಮಾನ್ಯ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಪ್ರಶ್ನೆಗಳನ್ನು ಮೊದಲೇ ಬರೆಸಿ ಉರುಹೊಡೆಸಿದರಂತೂ ಏನೂ ದಕ್ಕದು. ಗುಂಪಾಗಿ ಕೂರುವುದು ಮಾತ್ರ ನಮ್ಮ ಮಕ್ಕಳಿಗೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಆ ರೂಢಿಯನ್ನು ಹಾಕಿಕೊಟ್ಟಿದೆ. ಮೊದಲ ಕೆಲವು ದಿನ ಉಪಾಧ್ಯಾಯರೇ ನಾಲ್ಕೂ ಕೆಲಸಗಳನ್ನು ಗಟ್ಟಿಯಾಗಿ ಮಾಡಿ ತೋರಿಸಬೇಕು. ಆಮೇಲೆ ಸರದಿ ಮಕ್ಕಳದು. ಮಗು ತಡವರಿಸಿದಾಗ ಉತ್ತರ ಹೇಳಿಬಿಡದೆ, ‘ಆ ಸಾಲನ್ನು ಇನ್ನೊಮ್ಮೆ ನೋಡಮ್ಮ’ ಎಂದು ಕಾದು ಕೂರಬೇಕು. ಗಂಟೆ ಹೊಡೆದರೆ ಪಾಠ ಅರ್ಧಕ್ಕೇ ನಿಲ್ಲಲಿ, ಉಳಿದದ್ದು ನಾಳೆಗಾಯಿತು.