ಅಲಾಯ್ ವೀಲಿನ ಬಣ್ಣ ಕೆಡುವುದೇಕೆ?

ಹಳೇ ಕಾರು ಕೊಂಡವರು ಮೊದಲು ಮಾಡಿಸುವ ಶೃಂಗಾರಗಳಲ್ಲಿ ಅಲಾಯ್ ವೀಲಿನ ಪೌಡರ್ ಕೋಟಿಂಗ್ ಕೂಡ ಒಂದು. ಗಾವಡಗೆರೆ ಕಡೆಯ ಕಾರು ಇದಕ್ಕಾಗಿ ಮೈಸೂರಿಗೆ ಹೋಗಿ ಬಂತು ಎಂದಿಟ್ಟುಕೊಳ್ಳಿ. ಬಂದ ದಿನ ಊರೆಲ್ಲ ತಿರುಗಿ ನೋಡುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಬೆಳ್ಳಿಬಣ್ಣ ಹಳದಿಗೆ ತಿರುಗಿರುತ್ತದೆ, ಇಲ್ಲವೇ ಕಂದು ಚುಕ್ಕಿ ಎದ್ದಿರುತ್ತದೆ, ಇಲ್ಲವೇ ಪದರದ ಕೆಳಗೆ ಬಿಳಿ ಗೆರೆಗಳು ಹರಿದಾಡಿರುತ್ತವೆ. ಮಾಲೀಕ ‘ಪೌಡರೇ ಡೂಪ್ಲಿಕೇಟು’ ಅನ್ನುತ್ತಾನೆ. ಅಂಗಡಿಯವನು ‘ನೀವು ಏನು ಹಾಕಿ ತೊಳೆದ್ರೋ’ ಅನ್ನುತ್ತಾನೆ. ಚಕ್ರ ಬಿಚ್ಚಿ ಹಿಂಬದಿ ನೋಡುವ ಕೆಲಸ ಮಾತ್ರ ಇಬ್ಬರೂ ಮಾಡಿರುವುದಿಲ್ಲ. ಬಣ್ಣ ಎಲ್ಲಿ ಕೆಟ್ಟಿದೆ ಎಂದು ನೋಡಿದರೆ ಏಕೆ ಕೆಟ್ಟಿತು ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ಬಣ್ಣದಲ್ಲಿ ತಿನ್ನರ್ ಇರುವುದಿಲ್ಲ. ರಾಳ, ವರ್ಣದ್ರವ್ಯ, ಗಟ್ಟಿಯಾಗಿಸುವ ರಾಸಾಯನಿಕ ಇವನ್ನು ಕರಗಿಸಿ ಬೆರೆಸಿ, ಆರಿಸಿ, ನುಣ್ಣಗೆ ಅರೆದ ಒಣಪುಡಿ ಅದು. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್, ಗಾಳಿಯೂದಿ ತೇಲಿಸಿದ ಪುಡಿಯೊಳಗೆ ಬಿಸಿ ಲೋಹವನ್ನು ಅದ್ದುವ ವಿಧಾನ ರೂಪಿಸಿದರು. ಈಗಿನ ಅಂಗಡಿಗಳಲ್ಲಿರುವ ಗನ್ನು ಆಮೇಲೆ ಬಂದದ್ದು. ಅದು ಪುಡಿಗೆ ಸುಮಾರು 60ರಿಂದ 80 ಸಾವಿರ ವೋಲ್ಟಿನ ವಿದ್ಯುದಂಶ ಕೊಟ್ಟು ಊದುತ್ತದೆ. ಅರ್ಥಿಂಗ್ ಕೊಟ್ಟ ಚಕ್ರಕ್ಕೆ ಪುಡಿ ತಾನಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಪುಡಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆದುಬಿಡಬಹುದು. ಅದು ಬಣ್ಣವಾಗುವುದು ಓವನ್ನಿನೊಳಗೆ, 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹತ್ತಿಪ್ಪತ್ತು ನಿಮಿಷ ಬೆಂದ ಮೇಲೆ.

ಕಾವಿನ ಮಾತು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಬ್ಯಾರನ್ನಿನಲ್ಲಿ ಸೊಪ್ಪು ಹಳದಿಗೆ ತಿರುಗುವವರೆಗೆ 32ರಿಂದ 40 ಡಿಗ್ರಿಯ ಆಸುಪಾಸು, ಕೊನೆಗೆ ನಡುದಂಟು ಒಣಗಲು 70ರ ಸುಮಾರು. ಆತುರಪಟ್ಟು ಕಾವು ಏರಿಸಿದರೆ ಸೊಪ್ಪಿನ ಬಣ್ಣ ಹೋಯಿತು, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ದರವೂ ಹೋಯಿತು. ಓವನ್ನಿನ ಕಥೆಯೂ ಹೀಗೆಯೇ. ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಒಂದು ಕಡೆ: ಮೀಟರ್ ತೋರಿಸುವುದು ಓವನ್ನಿನ ಗಾಳಿಯ ಕಾವನ್ನು, ಬೇಕಾದದ್ದು ಲೋಹದ ಕಾವು. ಚಕ್ರದ ಕಡ್ಡಿಗಳು ತೆಳು, ನಡುವಿನ ಹಬ್ ದಪ್ಪ. ಹಬ್ ಇನ್ನೂ ಕಾಯುತ್ತಿರುವಾಗಲೇ ಕಡ್ಡಿ ಬೆಂದಾಗಿರುತ್ತದೆ. ಹಬ್ಬಿಗೆ ತಕ್ಕಂತೆ ಕಾಯಿಸುತ್ತ ಹೋದರೆ ಕಡ್ಡಿಯ ಮೇಲಿನ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಹಳದಿಯಾಗುತ್ತದೆ. ಕಡ್ಡಿಗೆ ತಕ್ಕಂತೆ ಬೇಗ ತೆಗೆದರೆ ಹಬ್ಬಿನ ಪದರ ಅರೆಬೆಂದು ಮೆತ್ತಗೆ ಉಳಿದು, ಬಿದ್ದ ಕಲೆಯನ್ನೆಲ್ಲ ಹೀರುತ್ತದೆ. ಜೊತೆಗೆ, ಗ್ಯಾಸಿನ ಉರಿ ನೇರವಾಗಿ ಒಳಗೆ ಬರುವ ಓವನ್ನಿನಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡುಗಳೂ ಕೆಲವು ಬಗೆಯ ಪುಡಿಗೆ ಹಳದಿ ಛಾಯೆ ತರುತ್ತವೆ.

ಇಂಥ ಹಳದಿ ಚಕ್ರದ ಹಿಂಬದಿಯಲ್ಲೂ ಇರುತ್ತದೆ. ಬಿಸಿಲು ಕಾಣದ ಒಳಮೈಯೂ ಹಳದಿಯಾಗಿದ್ದರೆ ತಪ್ಪು ಓವನ್ನಿನದು ಅಥವಾ ಪುಡಿಯದು. ಸ್ಟೆಪ್ನಿಯನ್ನೂ ಜೊತೆಗೇ ಮಾಡಿಸಿದ್ದರೆ ಇನ್ನೂ ಒಳ್ಳೆಯ ಸಾಕ್ಷಿ ಸಿಕ್ಕಂತೆ. ಡಿಕ್ಕಿಯ ಕತ್ತಲಲ್ಲಿದ್ದ ಅದನ್ನು ಬಿಸಿಲಿಗೆ ತಂದು ಓಡಾಡಿದ ಚಕ್ರದ ಪಕ್ಕ ಇಟ್ಟು ನೋಡಬೇಕು. ಮುಂಬದಿ ಮಾತ್ರ ಮಂಕಾಗಿದ್ದು, ಬೆರಳಾಡಿಸಿದರೆ ಸುಣ್ಣ ಹತ್ತಿದಂತೆ ಬೆಳ್ಳಗಾದರೆ ಅದು ಬಿಸಿಲಿನ ಕೆಲಸ. ಬೀರು, ರ‍್ಯಾಕು, ಕುರ್ಚಿಗಳಿಗೆ ಬಳಸುವ ಎಪಾಕ್ಸಿ ಬೆರೆತ ಪುಡಿಯನ್ನೇ ಚಕ್ರಕ್ಕೂ ಊದಿದರೆ ಹೀಗಾಗುತ್ತದೆ. ಮನೆಯೊಳಗೆ ಎಪಾಕ್ಸಿ ಗಟ್ಟಿಮುಟ್ಟು, ಬಿಸಿಲಿನ ಅತಿನೇರಳೆ ಕಿರಣ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಹೊರಗಿನ ಕೆಲಸಕ್ಕೆ ಪಾಲಿಯೆಸ್ಟರ್ ಪುಡಿಯೇ ಆಗಬೇಕು.

ಕಂದು ಚುಕ್ಕಿಗಳ ದಾರಿ ಬೇರೆ. ಅವು ಮುಂದಿನ ಎರಡು ಚಕ್ರಗಳಲ್ಲಿ ಹೆಚ್ಚು, ಹಿಂದಿನವುಗಳಲ್ಲಿ ಕಡಿಮೆ, ಏಕೆಂದರೆ ಬ್ರೇಕಿನ ಹೊರೆಯಲ್ಲಿ ಹೆಚ್ಚು ಪಾಲು ಮುಂದಿನ ಚಕ್ರಗಳದು. ಬ್ರೇಕ್ ಪ್ಯಾಡು, ಡಿಸ್ಕು ಸವೆದಾಗ ಹಾರುವ ಕಬ್ಬಿಣದ ಬಿಸಿ ಕಣಗಳು ಪದರಕ್ಕೆ ನಾಟಿ ಕೂತು, ಮಳೆನೀರಿಗೆ ತುಕ್ಕು ಹಿಡಿಯುತ್ತವೆ. ಬಣ್ಣ ಕೆಟ್ಟಿರುವುದಿಲ್ಲ, ಅದರ ಮೇಲೆ ತುಕ್ಕು ಕೂತಿರುತ್ತದೆ. ಕಬ್ಬಿಣ ಕರಗಿಸುವ ಕ್ಲೀನರ್ ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟರೆ, ಚುಕ್ಕಿಯಿದ್ದಲ್ಲೆಲ್ಲ ನೇರಳೆ ಬಣ್ಣದ ನೀರು ಇಳಿಯುತ್ತದೆ. ಕೆಟ್ಟ ವಾಸನೆ, ಆದರೆ ನೋಡಲು ಮಜವಾಗಿರುತ್ತದೆ. ಚಕ್ರ ತಣ್ಣಗಿರುವಾಗಲೇ ಹಾಕಬೇಕು, ಒಣಗುವ ಮೊದಲೇ ತೊಳೆಯಬೇಕು.

ಇದನ್ನು ಬಿಟ್ಟು ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕುವವರೂ ಇದ್ದಾರೆ. ಮೆಟಾಲಿಕ್ ಬೆಳ್ಳಿಬಣ್ಣದ ಹೊಳಪಿಗೆ ಕಾರಣ ಪುಡಿಯಲ್ಲಿರುವ ಅಲ್ಯೂಮಿನಿಯಂ ಚಕ್ಕೆಗಳು. ಅವುಗಳ ಮೇಲೆ ಕ್ಲಿಯರ್ ಕೋಟ್ ಇರದಿದ್ದರೆ ಆ್ಯಸಿಡ್ಡೂ ಕೆಡಿಸುತ್ತದೆ, ಕಾಸ್ಟಿಕ್ ಬೆರೆತ ಖಾರದ ಸೋಪೂ ಕೆಡಿಸುತ್ತದೆ. ಆಗ ಬೀಳುವ ಬೂದು-ಕಪ್ಪು ಕಲೆಯನ್ನು ಯಾವ ಪಾಲಿಷೂ ತೆಗೆಯದು. ನಮ್ಮ ಕಡೆಯ ಕಾರುಗಳು ಗೊಬ್ಬರದ ಮೂಟೆಯನ್ನೂ ಹೊರುತ್ತವೆ, ಗದ್ದೆ ಬದಿಯ ಕೆಸರಲ್ಲೂ ನಿಲ್ಲುತ್ತವೆ. ಗೊಬ್ಬರದ ಉಪ್ಪು ಬೆರೆತ ಕೆಸರು ಚಕ್ರದ ಒಳಮೈಯಲ್ಲಿ ವಾರಗಟ್ಟಲೆ ಮೆತ್ತಿಕೊಂಡಿದ್ದರೆ ಅದೂ ಒಳ್ಳೆಯದಲ್ಲ. ಬೀದಿನಾಯಿಗಳ ಕಾಣಿಕೆಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಪದರದ ಕೆಳಗೆ ಹರಿಯುವ ಬಿಳಿ ಗೆರೆ ಎಲ್ಲಕ್ಕಿಂತ ಕೆಟ್ಟದ್ದು. ಕಲ್ಲು ಬಡಿದ ಏಟು, ವಾಲ್ವಿನ ತೂತು, ಬ್ಯಾಲೆನ್ಸಿಂಗಿಗೆ ತೂಕ ಸಿಕ್ಕಿಸುವ ಅಂಚು ಇಂಥ ಕಡೆ ಶುರುವಾಗಿ, ನೀರು ಮತ್ತು ಉಪ್ಪಿನ ನೆರವಿನಿಂದ ಅಲ್ಯೂಮಿನಿಯಂ ತಿನ್ನುತ್ತಾ ಎಳೆಎಳೆಯಾಗಿ ಮುಂದೆ ಸಾಗುತ್ತದೆ. ಹಳೆಯ ಬಣ್ಣ ಪೂರ್ತಿ ತೆಗೆಯದೆ, ಎಣ್ಣೆಪಸೆ ಹೋಗಿಸದೆ, ಪುಡಿ ಊದುವ ಮೊದಲು ಲೋಹಕ್ಕೆ ಕೊಡಬೇಕಾದ ರಾಸಾಯನಿಕ ಸ್ನಾನ ತಪ್ಪಿಸಿದಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಮೇಲೆ ಮತ್ತೊಂದು ಕೋಟು ಹೊಡೆಸುವುದು ದಂಡ. ಪೂರ್ತಿ ಕೆರೆದು ಮೊದಲಿನಿಂದಲೇ ಮಾಡಿಸಬೇಕು. ಎರಕದ ಲೋಹದ ಸಣ್ಣ ರಂಧ್ರಗಳಲ್ಲಿ ಅಡಗಿದ ಗಾಳಿ, ಎಣ್ಣೆ ಹೊರಹೋಗಲೆಂದು ಬರಿ ಚಕ್ರವನ್ನು ಮೊದಲೊಮ್ಮೆ ಕಾಯಿಸುವುದೂ ಉಂಟು. ಅದನ್ನು ಬಿಟ್ಟರೆ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿದು, ನೀರಿಗೆ ದಾರಿಯಾಗುತ್ತವೆ.

ಹಾಗೆಂದು ಬಣ್ಣ ಹಿಡಿಸದಾಗಲೆಲ್ಲ ಚಕ್ರವನ್ನು ಓವನ್ನಿಗೆ ಹಾಕಿಸುವಂತಿಲ್ಲ. ಈ ಎರಕದ ಮಿಶ್ರಲೋಹಕ್ಕೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಕೊಟ್ಟ ಶಾಖೋಪಚಾರದಿಂದ. ಅದರ ಕೊನೆಯ ಹಂತ ಸಾಮಾನ್ಯವಾಗಿ 200 ಡಿಗ್ರಿಗಿಂತ ಕೆಳಗೇ ಮುಗಿಯುತ್ತದೆ. ಮತ್ತೆ ಮತ್ತೆ ಅದಕ್ಕಿಂತ ಹೆಚ್ಚು ಕಾಯಿಸಿದರೆ ಲೋಹ ಮೆತ್ತಗಾಗುತ್ತ ಹೋಗುತ್ತದೆ. ಹಳೇ ಬಣ್ಣವನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವ ಅಂಗಡಿಗಂತೂ ಅಲಾಯ್ ವೀಲು ಕೊಡಲೇಬಾರದು. ನಟ್ಟು ಕೂರುವ ಜಾಗಕ್ಕೆ ಪುಡಿ ಹತ್ತದಂತೆ ಮುಚ್ಚಿದ್ದರೇ ಎಂದೂ ಕೇಳಿ. ಅಲ್ಲಿ ದಪ್ಪ ಪದರವಿದ್ದರೆ ಓಡುತ್ತ ಓಡುತ್ತ ಅದು ಅಮುಕಿಕೊಂಡು ನಟ್ಟು ಸಡಿಲವಾಗುತ್ತದೆ. ಹೇಗೂ ಚಕ್ರ ಕೂರಿಸಿ ಐವತ್ತು-ನೂರು ಕಿಲೋಮೀಟರು ಓಡಿದ ಮೇಲೆ ಟಾರ್ಕ್ ವ್ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಿಸಬೇಕು.