ಬೆಳ್ಳಿಯ ಶಾಯಿಯಲ್ಲಿ ಮೂಡುವ ಸರ್ಕ್ಯೂಟ್

ಸಾಮಾನ್ಯ ಸರ್ಕ್ಯೂಟ್ ಬೋರ್ಡಿನಲ್ಲಿ ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುತ್ತಾರೆ. ಮುದ್ರಣ ವಿಧಾನದಲ್ಲಿ ಬೇಕಾದ ಕಡೆ ಮಾತ್ರ ಲೋಹ ಕೂರುತ್ತದೆ. ಇಂಕ್‌ಜೆಟ್ ಯಂತ್ರ ಬೆಳ್ಳಿಯ ನ್ಯಾನೊಕಣಗಳ ಶಾಯಿಯನ್ನು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಹನಿಹನಿಯಾಗಿ ಉದುರಿಸುತ್ತದೆ. ಗೆರೆ ಕಣ್ಣಿಗೆ ಕಂಡರೂ ವಿದ್ಯುತ್ ಸರಿಯಾಗಿ ಹರಿಯದು. ಏಕೆಂದರೆ ಪ್ರತಿ ಕಣಕ್ಕೂ ಸಾವಯವ ಲೇಪ ಅಂಟಿರುತ್ತದೆ. ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಲೇಪ ಹೋಗಿ ಕಣಗಳು ಒಂದಕ್ಕೊಂದು ಬೆಸೆಯುತ್ತವೆ. ಗಟ್ಟಿ ಬೆಳ್ಳಿ ಕರಗಲು 961 ಡಿಗ್ರಿ ಬೇಕೆಂಬುದನ್ನು ನೆನೆದರೆ ಇದು ಸೋಜಿಗವೇ. ಆದರೂ ನಡುವೆ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ರೋಧ ಅಪ್ಪಟ ಬೆಳ್ಳಿಗಿಂತ ಹೆಚ್ಚು.

ಈ ರೋಧವನ್ನು ಅಳೆಯಲು ನಾಲ್ಕು ತಂತಿಗಳು: ಎರಡು ವಿದ್ಯುತ್ ಹರಿಸಲು, ಎರಡು ವೋಲ್ಟೇಜ್ ನೋಡಲು. ಹೀಗೆ ಮಾಡಿದರೆ ತಂತಿಗಳ ಸ್ವಂತ ರೋಧ ಲೆಕ್ಕಕ್ಕೆ ಬರುವುದಿಲ್ಲ. ಮುದ್ರಿಸಿದ್ದು ಎಳೆತ ಅಳೆಯುವ ಸೆನ್ಸರ್ ಆದರೆ ಹಾಳೆಯನ್ನು ಗೊತ್ತಾದ ವ್ಯಾಸದ ಉರುಳೆಗೆ ಮತ್ತೆ ಮತ್ತೆ ಬಗ್ಗಿಸಿ ಬಿಡುತ್ತಾರೆ. ರೋಧ ಮೊದಲಿನ ಮಟ್ಟಕ್ಕೆ ಮರಳದೆ ಏರುತ್ತಲೇ ಹೋದರೆ ಗೆರೆಯಲ್ಲಿ ಬಿರುಕು ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು.